ಒಂಬತ್ತು ಹೆಸರಿನ ಅಂಚೆಪೆಟ್ಟಿಗೆ

ಲಿಂಡನ್ ಗ್ರೋವ್‌ನ ಫೈರ್ ಸ್ಟೇಷನ್ನಿನಲ್ಲಿ ನೀಲಗಂಗಾಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಪ್ರೆಂಟಿಸ್‌ನ ಕತ್ತರಿ’ ಎನ್ನುತ್ತಿದ್ದರು. ಹೋವರ್ಡ್ ಪ್ರೆಂಟಿಸ್ ಎಂಬಾತ ಆ ಊರಿನ ಆಡಳಿತಾಧಿಕಾರಿ. ನೀಲಗಂಗಾ ಅವನ ಕಚೇರಿಯ ಗುಮಾಸ್ತೆ. ಯಾರ ಸಂಬಳಕ್ಕೆ ಕತ್ತರಿ ಬೀಳಬೇಕಾದರೂ ಮೊದಲು ಅವಳ ಮೇಜಿನ ಮೇಲೆ ಕಾಗದ ಬೀಳುತ್ತದೆ ಎಂದು ಬೆಂಕಿ ಆರಿಸುವ ಆ ಮೂವತ್ತೊಂದು ಜನ ನಂಬಿದ್ದರು.

ನಂಬಿಕೆಗೆ ಕಾರಣ ಇಲ್ಲದಿರಲಿಲ್ಲ. ಹಿಂದಿನ ವರ್ಷ ಊರಿನ ಕಸದ ಲಾರಿಯವರ ಓವರ್‌ಟೈಮ್ ನಿಲ್ಲಿಸಿದಾಗ ಆ ಆದೇಶವನ್ನು ಟೈಪ್ ಮಾಡಿದವಳು ಅವಳೇ. ಮಾಡಿದ್ದು ಟೈಪ್ ಅಷ್ಟೇ. ಆದರೆ ಸೀರೆಯ ಮೇಲೆ ಗಂಡಸರ ಓವರ್‌ಕೋಟು ತೊಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಬರುವ ಹೆಂಗಸು ಆ ಊರಿನಲ್ಲಿ ಅವಳೊಬ್ಬಳೇ. ಬಯ್ಯುವವರಿಗೆ ಒಂದು ಗುರುತು ಸಿಕ್ಕಂತಾಗಿತ್ತು.

ಅವಳು ಬಾಗಲಕೋಟೆಯವಳು. ತಂದೆ ಹತ್ತಿ ಪೇಟೆಯಲ್ಲಿ ತೂಕದ ಕಾರಕೂನ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಎಂ.ಎ. ಮಾಡಿ, ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಎಂಜಿನಿಯರ್ ಗದಿಗೆಪ್ಪನನ್ನು ಮದುವೆಯಾಗಿ ೧೯೬೮ರಲ್ಲಿ ಶಿಕಾಗೊ ಕಡೆಗೆ ಬಂದಳು. ಗದಿಗೆಪ್ಪ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ. ಡೆಸ್ ಪ್ಲೇನ್ಸ್‌ನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು. ಅವಳ ಎಂ.ಎ.ಗೆ ಈ ಸೀಮೆಯಲ್ಲಿ ಯಾರೂ ಬೆಲೆ ಕಟ್ಟಲಿಲ್ಲ. ನಾಲ್ಕು ವರ್ಷ ಅಲೆದ ಮೇಲೆ ಲಿಂಡನ್ ಗ್ರೋವ್‌ನ ಕಚೇರಿಯಲ್ಲಿ ಟೈಪ್ ಮಾಡುವ ಕೆಲಸ ಸಿಕ್ಕಿತು. ಹದಿನೆಂಟು ಸಾವಿರ ಜನರ ಆ ಉಪನಗರದಲ್ಲಿ ವಕೀಲರು, ಡಾಕ್ಟರುಗಳು, ಕಂಪನಿ ಮಾಲೀಕರೇ ಹೆಚ್ಚು.

೧೯೭೪ರ ವಸಂತದಲ್ಲಿ ಎಲ್ಲದರ ಬೆಲೆಗೂ ರೆಕ್ಕೆ ಬಂದಿತ್ತು. ಪೆಟ್ರೋಲಿಗೆ ಸಾಲು ನಿಂತು ಜನ ಸುಸ್ತಾಗಿದ್ದರು. ಸಕ್ಕರೆ, ಹಾಲು, ಮಾಂಸ ವಾರಕ್ಕೊಂದು ದರ. ಫೈರ್‌ಮನ್‌ಗಳು ನೂರಕ್ಕೆ ಹದಿನಾಲ್ಕರಷ್ಟು ಸಂಬಳ ಏರಿಸಿ ಎಂದರು. ಊರಿನ ಮಂಡಳಿ ನಾಲ್ಕು ಕೊಡುತ್ತೇವೆ ಎಂದಿತು. ಜಗಳ ಮಧ್ಯಸ್ಥರ ಮುಂದೆ ಹೋಗುವುದು ಖಚಿತವಾದಾಗ ಪ್ರೆಂಟಿಸ್ ಅವಳನ್ನು ಒಳಗೆ ಕರೆದ.

“ನೀಲಾ, ನೀವು ಲೆಕ್ಕ ಓದಿದವರಲ್ಲವೇ? ನಮ್ಮ ಫೈರ್‌ಮನ್‌ಗಳ ಸಂಬಳವನ್ನು ಇಲ್ಲಿನ ಜೀವನ ವೆಚ್ಚದ ಜೊತೆ ಹೋಲಿಸಿ ಒಂದು ವರದಿ ಬೇಕು. ಹೋಲಿಸಬೇಕಾದ ಊರುಗಳ ಪಟ್ಟಿ ಇಲ್ಲಿದೆ.”

ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವಳು ಓದಿದ್ದನ್ನು ಒಬ್ಬರು ನೆನೆದಿದ್ದರು. ಸಂತೋಷದಿಂದಲೇ ಪಟ್ಟಿ ತೆಗೆದುಕೊಂಡಳು. ಮೇಜಿಗೆ ಬಂದು ನಕ್ಷೆ ಬಿಚ್ಚಿ ನೋಡಿದರೆ ಹನ್ನೆರಡು ಊರೂ ಇನ್ನೂರು ಮೈಲಿ ದಕ್ಷಿಣಕ್ಕೆ, ಮೆಕ್ಕೆಜೋಳದ ಹೊಲಗಳ ನಡುವೆ! ಅಲ್ಲಿ ಒಂದು ಮನೆಯ ಬೆಲೆ ಇಲ್ಲಿಯ ಅರ್ಧ. ಅವಳು ಹೋಗಿ ಕೇಳಿದಳು: “ಪಕ್ಕದ ಊರುಗಳನ್ನೂ ಸೇರಿಸಲೇ?”

ಪ್ರೆಂಟಿಸ್ ತಲೆಯೆತ್ತಲಿಲ್ಲ. “ನಿಮ್ಮಿಷ್ಟ” ಎಂದ. ಅದು ಒಪ್ಪಿಗೆ ಅಲ್ಲ ಎಂಬುದು ಅವಳಿಗೆ ಆಮೇಲೆ ತಿಳಿಯಿತು.

ಮೊದಲು ಸ್ಟೇಷನ್ನಿಗೇ ಹೋದಳು. ಯಾರ ಮನೆಯಲ್ಲಿ ಎಷ್ಟು ಜನ, ಬಾಡಿಗೆ ಎಷ್ಟು, ಎರಡನೇ ಕೆಲಸ ಮಾಡುತ್ತಾರೆಯೇ ಎಂಬ ಪ್ರಶ್ನೆಗಳ ಹಾಳೆ ಕೊಟ್ಟಳು. ಟೇಬಲ್ಲಿನ ಸುತ್ತ ಕೂತವರು ಹಾಳೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ಕೊನೆಗೆ ಕಾಫಿ ಕಪ್ಪಿನ ಕೆಳಗೆ ಇಟ್ಟರು. ಅವರ ಮುಂದಾಳು ಲೆಫ್ಟಿನೆಂಟ್ ಎಡ್ ಮ್ರೋಜ್. ನಲವತ್ತರ ಗಟ್ಟಿ ಆಳು. ಕುತ್ತಿಗೆಯ ಒಂದು ಬದಿಯಲ್ಲಿ ಸುಟ್ಟ ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

“ನಿನ್ನ ಗಂಡನಿಗೆ ಸಂಬಳ ಎಷ್ಟು?” ಎಂದು ಕೇಳಿದ.

ಅವಳು ನಾಚದೆ ಹೇಳಿದಳು. “ವರ್ಷಕ್ಕೆ ಹದಿನಾರು ಸಾವಿರದ ಎಂಟುನೂರು ಡಾಲರ್.”

“ನನಗೆ ಹದಿನಾಲ್ಕು ವರ್ಷ ಸರ್ವಿಸ್ ಆಗಿದೆ. ಸಂಬಳ ಹದಿಮೂರೂವರೆ ಸಾವಿರ. ನಿನ್ನ ಮನೆ ಎಲ್ಲಿ?”

“ಡೆಸ್ ಪ್ಲೇನ್ಸ್.”

“ನೋಡಿದಿರಾ?” ಅವನು ಉಳಿದವರ ಕಡೆ ತಿರುಗಿದ. “ಇವಳು ಎಲ್ಲಿ ಬೇಕಾದರೂ ಇರಬಹುದು. ನಾವು ಮಾತ್ರ ಈ ಊರೊಳಗೇ ಇರಬೇಕು. ರೂಲು! ಇಲ್ಲದಿದ್ದರೆ ಮನೆಗೆ ಕಳಿಸ್ತಾರೆ. ಇದನ್ನು ಬರೆದುಕೋ, ಮೇಡಂ.”

ಅವಳು ಬರೆದುಕೊಂಡಳು. ಅದನ್ನು ಕಂಡು ಅವರಿಗೆ ಇನ್ನಷ್ಟು ರೇಗಿತು.

ಆಮೇಲಿನ ಮೂರು ವಾರ ನೀಲಗಂಗಾ ಬೀದಿ ಬೀದಿ ತಿರುಗಿದಳು. ‘ಬಾಡಿಗೆಗೆ ಇದೆ’ ಎಂಬ ಹಲಗೆ ತೂಗುತ್ತಿದ್ದ ಮನೆಯ ಗಂಟೆ ಒತ್ತಿದರೆ, ಒಳಗಿನಿಂದ ಇಣುಕಿದವರು ಅವಳ ಮುಖ ಕಂಡು “ಈಗ ತಾನೇ ಹೋಯಿತು” ಎಂದು ಬಾಗಿಲು ಹಾಕುತ್ತಿದ್ದರು; ಹಲಗೆ ಅಲ್ಲೇ ತೂಗುತ್ತಿತ್ತು. ಒಬ್ಬಾಕೆ ನಾಯಿಯ ಸರಪಳಿ ಬಿಚ್ಚಿದಳು. ಕಚೇರಿಯ ಬಿಲ್ಲೆಯನ್ನು ಕೋಟಿನ ಹೊರಗೆ ಸಿಕ್ಕಿಸಿಕೊಂಡು, “ನನಗೆ ಮನೆ ಬೇಡ, ಬಾಡಿಗೆ ಎಷ್ಟು ಅಂತ ಮಾತ್ರ ಹೇಳಿ” ಎಂದು ಮೊದಲೇ ಕೂಗಿ ಹೇಳುವುದನ್ನು ಅವಳು ಕಲಿತಳು. ಅಂಗಡಿಗಳಲ್ಲಿ ಹಾಲು, ಬ್ರೆಡ್ಡು, ಮಕ್ಕಳ ಬೂಟುಗಳ ದರ ಬರೆದುಕೊಂಡಳು. ಬ್ಯಾಂಕಿನಲ್ಲಿ ಕೂತು, ಎಷ್ಟು ಸಂಬಳಕ್ಕೆ ಎಷ್ಟು ಮನೆಸಾಲ ಎಂದು ಕೇಳಿದಳು.

ಹೊರಬಿದ್ದ ಚಿತ್ರ ಸರಳವಾಗಿತ್ತು. ಮೂರು ವರ್ಷ ಕೆಲಸ ಮಾಡಿದ ಫೈರ್‌ಮನ್‌ಗೆ ತಿಂಗಳಿಗೆ ಕೈಗೆ ಬರುವುದು ಎಂಟುನೂರು ಡಾಲರ್. ಊರೊಳಗಿನ ಅತಿ ಅಗ್ಗದ ಎರಡು ಕೋಣೆ ಮನೆಗೆ ಬಾಡಿಗೆ ಇನ್ನೂರ ಅರವತ್ತೈದು, ಅಂಥವು ಖಾಲಿ ಇದ್ದದ್ದು ನಾಲ್ಕೇ. ಕೊಳ್ಳೋಣವೆಂದರೆ ನಲವತ್ತೆರಡು ಸಾವಿರಕ್ಕಿಂತ ಕಡಿಮೆಗೆ ಮನೆಯೇ ಇಲ್ಲ. ಬ್ಯಾಂಕು ಅವನಿಗೆ ಸಾಲ ಕೊಡುವುದು ಮೂವತ್ತು ಸಾವಿರ. ಅಂದರೆ ಯಾವ ಮನೆಗಳಿಗೆ ಬೆಂಕಿ ಬಿದ್ದರೆ ಅವನು ಒಳಗೆ ನುಗ್ಗಬೇಕೋ, ಆ ಮನೆಗಳಲ್ಲಿ ಒಂದನ್ನೂ ಅವನು ಕೊಳ್ಳಲಾರ. ಊರ ಹೊರಗೆ ಇರುವ ಹಾಗೂ ಇಲ್ಲ.

ಹಾಗಾದರೆ ಇವರೆಲ್ಲ ಇರುವುದೆಲ್ಲಿ? ಕಚೇರಿಯ ಬೀರುವಿನಲ್ಲಿದ್ದ ನೌಕರರ ಕಾರ್ಡುಗಳನ್ನು ತೆಗೆದು ವಿಳಾಸ ನೋಡಿದಳು. ಮೂವತ್ತೊಂದು ಜನರಲ್ಲಿ ಒಂಬತ್ತು ಮಂದಿಯದು ಒಂದೇ ವಿಳಾಸ: ೪೧೮, ಹೇಜಲ್ ಸ್ಟ್ರೀಟ್.

ಮರುದಿನ ಮಧ್ಯಾಹ್ನ ಅಲ್ಲಿಗೆ ಹೋದಳು. ಎರಡಂತಸ್ತಿನ ಹಳೆಯ ಮರದ ಮನೆ. ಮುಂದೆ ಒಂದು ಅಂಚೆಪೆಟ್ಟಿಗೆ. ಅದರ ಮೇಲೆ ಅಂಟಿಸಿದ ರಟ್ಟಿನಲ್ಲಿ ಪೆನ್ಸಿಲಿನಿಂದ ಒಂಬತ್ತು ಹೆಸರು ಬರೆದಿತ್ತು. ಮೊದಲನೆಯದು ಮ್ರೋಜ್. ಬಾಗಿಲು ತೆರೆದ ಎಂಬತ್ತರ ಮುದುಕಿ, ಇವಳ ಬಿಲ್ಲೆ ನೋಡಿದ್ದೇ ತಡ, “ಎಲ್ಲರೂ ಮಲಗಿದ್ದಾರೆ” ಎಂದು ಚಿಲಕ ಹಾಕಿಕೊಂಡಳು. ಒಳಗೆ ಒಂದು ಕೆಮ್ಮೂ ಕೇಳಿಸಲಿಲ್ಲ. ಹೊರಗೆ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಮುದುಕಿಯ ಎರಡು ಏಪ್ರನ್ ಬಿಟ್ಟು ಬೇರೇನೂ ಇರಲಿಲ್ಲ.

ಸಂಜೆ ಐದಕ್ಕೆ ಕಚೇರಿ ಬಿಟ್ಟು ಬಂದರೆ ಮ್ರೋಜ್ ಅವಳ ಕಾರಿಗೆ ಒರಗಿ ನಿಂತಿದ್ದ.

“ಆಕೆ ನನ್ನ ಅತ್ತೆ” ಎಂದ. “ಆ ಒಂಬತ್ತು ಜನರ ಹೆಂಡತಿ ಮಕ್ಕಳು ಹತ್ತು, ಹದಿನೈದು ಮೈಲಿ ದೂರದಲ್ಲಿದ್ದಾರೆ. ಅಲ್ಲಿ ಬಾಡಿಗೆ ಕಟ್ಟಬಲ್ಲರು, ಇಲ್ಲಿ ಆಗಲ್ಲ. ಪ್ರೆಂಟಿಸ್‌ಗೆ ಇದು ತಿಳಿದರೆ ನಾಳೆಯೇ ಒಂಬತ್ತು ಮನೆಯ ಒಲೆ ಆರುತ್ತೆ. ಅರ್ಥವಾಯಿತಾ?”

“ನಾನಾಗಿ ಯಾರಿಗೂ ಹೇಳೋದಿಲ್ಲ. ನನ್ನ ವರದಿಗೆ ಬೇಕಾದ್ದು ಬಾಡಿಗೆ, ನಿಮ್ಮ ಹಾಸಿಗೆ ಎಲ್ಲಿದೆ ಅಂತ ಅಲ್ಲ.”

“ನಿನ್ನ ಮಾತನ್ನು ನಂಬೋಕೆ ನೀನು ಯಾರು?” ಎಂದು ಕಾರಿನ ಬಾನೆಟ್ಟನ್ನು ಅಂಗೈಯಿಂದ ಒಮ್ಮೆ ಬಡಿದು ಹೋದ.

ಜೂನ್ ತಿಂಗಳಲ್ಲಿ ವರದಿ ಮುಗಿಯಿತು. ಹದಿನೇಳು ಪುಟ. ಜೋಳದ ಊರುಗಳ ಪಕ್ಕದಲ್ಲೇ ಸುತ್ತಲಿನ ಎಂಟು ಊರುಗಳ ಸಂಬಳ, ಬಾಡಿಗೆ, ಮನೆಸಾಲ ಎಲ್ಲವನ್ನೂ ಇಟ್ಟಿದ್ದಳು. ಹೇಜಲ್ ಸ್ಟ್ರೀಟಿನ ಮಾತು ಒಂದಕ್ಷರವೂ ಇರಲಿಲ್ಲ. ಪ್ರೆಂಟಿಸ್ ಓದಿ, “ಒಳ್ಳೆಯ ಶ್ರಮ” ಎಂದ. ಎರಡು ವಾರದ ನಂತರ ಊರಿನ ಪತ್ರಿಕೆಯಲ್ಲಿ ಬಂದದ್ದು ಹೀಗೆ: ‘ಹನ್ನೆರಡು ಊರುಗಳಿಗಿಂತ ನಮ್ಮ ಫೈರ್‌ಮನ್‌ಗಳಿಗೇ ಹೆಚ್ಚು ಸಂಬಳ.’ ವರದಿ ಆರು ಪುಟಕ್ಕೆ ಇಳಿದಿತ್ತು. ಪಕ್ಕದ ಊರುಗಳಿಲ್ಲ, ಬಾಡಿಗೆಯಿಲ್ಲ, ಬ್ಯಾಂಕಿಲ್ಲ. ಕೆಳಗೆ ಮಾತ್ರ ಹಾಗೇ ಇತ್ತು: ‘ತಯಾರಿಸಿದವರು: ಎನ್. ಗದಿಗೆಪ್ಪ.’

ಅವಳು ಪತ್ರಿಕೆ ಹಿಡಿದು ಪ್ರೆಂಟಿಸ್‌ನ ಕೋಣೆಗೆ ನುಗ್ಗಿದಳು. ಅವನು, “ಸಂಕ್ಷಿಪ್ತಗೊಳಿಸಿದ್ದೇವೆ. ಅದರಲ್ಲಿ ಸುಳ್ಳು ಅಂಕಿ ಒಂದಾದರೂ ಇದೆಯೇ?” ಎಂದು ಕೇಳಿದ. ಇರಲಿಲ್ಲ. ಅದೇ ಅವಳನ್ನು ಹೆಚ್ಚು ಕೆರಳಿಸಿತು. ಪೇಟೆಯಲ್ಲಿ ತಕ್ಕಡಿಯ ಕಲ್ಲನ್ನು ಯಾರೂ ಸವೆಸುವುದಿಲ್ಲ, ಹೆಬ್ಬೆರಳು ತಾಗಿಸುತ್ತಾರೆ ಎಂದು ಅವಳ ತಂದೆ ಹೇಳುತ್ತಿದ್ದರು.

ಆ ವಾರದಿಂದ ಊರು ಅವಳ ಮೇಲೆ ಹಲ್ಲು ಮಸೆಯಿತು. ಕಾರಿನ ಎರಡು ಟೈರಿನ ಗಾಳಿ ಹೋಯಿತು. ಕಚೇರಿಯ ಫೋನ್ ಎತ್ತಿದರೆ ಯಾರೋ ಉಗುಳುವ ಸದ್ದು. ದಿನಸಿ ಅಂಗಡಿಯಲ್ಲಿ ಫೈರ್‌ಮನ್ ಒಬ್ಬನ ಹೆಂಡತಿ ತನ್ನ ಗಾಡಿಯಲ್ಲಿದ್ದ ಮಾಂಸದ ಪೊಟ್ಟಣವನ್ನು ಎತ್ತಿ, ಎಲ್ಲರಿಗೂ ಕೇಳುವಂತೆ, “ಇದನ್ನು ವಾಪಸು ಇಡಲಾ ಮೇಡಂ? ನಿಮ್ಮ ಲೆಕ್ಕದ ಪ್ರಕಾರ ನಮಗೆ ಇದು ಜಾಸ್ತಿಯಾಯಿತೇ?” ಎಂದಳು. ನೀಲಗಂಗಾ ಸಾಮಾನು ಅಲ್ಲೇ ಬಿಟ್ಟು ಹೊರಬಂದಳು.

ನಮ್ಮವರಾದರೂ ಸಮಾಧಾನ ಹೇಳಿದರೇ? ಲಿಂಡನ್ ಗ್ರೋವ್‌ನಲ್ಲಿ ಮನೆ ಕೊಂಡಿದ್ದ ಮೈಸೂರಿನ ಡಾಕ್ಟರ್ ಬದರೀನಾಥ ಒಂದು ಭಾನುವಾರ ಊಟಕ್ಕೆ ಕರೆದಿದ್ದರು. ಅವರು ಹೋಳಿಗೆ ಮುರಿಯುತ್ತಾ ನಕ್ಕರು. “ಒಳ್ಳೇ ಕೆಲಸ ಮಾಡಿದ್ರಿ ನೀಲಗಂಗಾ ಅವ್ರೇ. ದಿನಪೂರ್ತಿ ಇಸ್ಪೀಟ್ ಆಡ್ಕೊಂಡು ಕೂತಿರ್ತಾರೆ, ಹದಿನಾಲ್ಕು ಪರ್ಸೆಂಟ್ ರೈಸ್ ಬೇಕಂತೆ! ಟ್ಯಾಕ್ಸ್ ಕಟ್ಟೋರು ನಾವು.”

“ನಾ ಬರದದ್ದು ಅದಲ್ಲ ಡಾಕ್ಟರ್. ಬರದದ್ದನ್ನ ಅವರು ತಗದ್ರು.”

“ಅಯ್ಯೋ, ಯಾಕ್ರೀ ಬೇಕು ನಿಮಗೆ?” ಎಂದರು ಅವರ ಹೆಂಡತಿ ಕೌಸಲ್ಯಾ. “ಯೂನಿಯನ್ನು ಗೀನಿಯನ್ನು ಅಂತ ಸಿಕ್ಕಿಹಾಕ್ಕೊಂಡ್ರೆ ನಮ್ಮವ್ರ ಹೆಸರೆಲ್ಲ ಕೆಡುತ್ತೆ.”

ಮನೆಗೆ ಬರುವಾಗ ಕಾರಿನಲ್ಲಿ ಗದಿಗೆಪ್ಪ ಸಿಡಿದ. “ನಿನಗ ಹುಚ್ಚು ಹಿಡದೈತೇನು? ಇವತ್ತ ಟೈರಿನ ಗಾಳಿ ತಗದಾರ, ನಾಳಿಗೆ ಕಿಡಕಿಗೆ ಕಲ್ಲ ಒಗಿತಾರ. ನಮ್ಮ ಫ್ಯಾಕ್ಟರಿಯೊಳಗ ಲೇಆಫ್ ಮಾಡೋ ಮಾತು ನಡದೈತಿ. ಸುಮ್ಮನ ಆ ಕೆಲಸ ಬಿಟ್ಟ ಬಿಡು.”

“ಬಿಟ್ಟರ ಆ ಕಾಗದದ ಮ್ಯಾಲಿನ ನನ್ನ ಹೆಸರು ಅಳಸಿ ಹೋಗತೈತೇನ್ರೀ?”

“ನಿನ್ನ ಹೆಸರ ಯಾಂವ ಓದ್ತಾನ? ಉಚ್ಚಾರ ಮಾಡಾಕೂ ಬರೂದಿಲ್ಲ ಅವರಿಗೆ!”

ಹದಿನೇಳು ಪುಟದ ಕಾರ್ಬನ್ ಪ್ರತಿ ಮನೆಯಲ್ಲಿ ಅವಳ ಟ್ರಂಕಿನಲ್ಲಿತ್ತು.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಶಾಲೆಯ ವ್ಯಾಯಾಮದ ಹಾಲಿನಲ್ಲಿ ವಿಚಾರಣೆ ಕೂಡಿತು. ಎರಡೂ ಕಡೆಯವರು ಒಪ್ಪಿದ ಮಧ್ಯಸ್ಥ ಒಬ್ಬ ನಿವೃತ್ತ ನ್ಯಾಯಾಧೀಶ. ಒಂದು ಬದಿಗೆ ತೆರಿಗೆ ಕಟ್ಟುವವರು, ಇನ್ನೊಂದು ಬದಿಗೆ ಸಮವಸ್ತ್ರದ ಫೈರ್‌ಮನ್‌ಗಳು, ಅವರ ಹೆಂಡಿರು. ನೀಲಗಂಗಾಳನ್ನು ಎದ್ದು ವರದಿ ಓದಲು ಕರೆದಾಗ ಎರಡೂ ಬದಿಯಿಂದ ಗೊಣಗು ಎದ್ದಿತು. ಒಬ್ಬ ಬಾಯಲ್ಲಿ ಕತ್ತರಿಯ ಸದ್ದು ಮಾಡಿದ. ಆರು ಪುಟ ಓದಿ ಮುಗಿಸಿದಳು.

ಫೈರ್‌ಮನ್‌ಗಳ ವಕೀಲ ಸುಮ್ಮನೆ ಕೇಳಿದ: “ನೀವು ಬರೆದದ್ದು ಇಷ್ಟೇನಾ?”

“ಇಲ್ಲ. ಇನ್ನೂ ಹನ್ನೊಂದು ಪುಟ ಇದೆ” ಎಂದಳು. ಚೀಲದಿಂದ ಕಾರ್ಬನ್ ಪ್ರತಿ ತೆಗೆದಳು. ಪ್ರೆಂಟಿಸ್ ಎದ್ದು ನಿಂತು ಆಕ್ಷೇಪಿಸಿದ. ಮಧ್ಯಸ್ಥ ಕೈಬೀಸಿ ಕೂರಿಸಿದ. ಅವಳು ಓದಿದಳು. ಬಾಡಿಗೆ, ಬ್ಯಾಂಕು, ಪಕ್ಕದ ಎಂಟು ಊರು, ಖಾಲಿ ಇದ್ದ ನಾಲ್ಕೇ ಮನೆ. ಫೈರ್‌ಮನ್‌ಗಳು ಮುಖ ಮುಖ ನೋಡಿಕೊಂಡರು. ಮ್ರೋಜ್ ಮಾತ್ರ ತುಟಿ ಬಿಗಿದು ಅವಳನ್ನೇ ದಿಟ್ಟಿಸುತ್ತಿದ್ದ. ಮುಂದೆ ಬರುವುದು ಅವನಿಗೆ ಹೊಳೆದಿತ್ತೇನೋ.

ಪ್ರೆಂಟಿಸ್ ಮತ್ತೆ ಎದ್ದ. ಮುಖ ಕೆಂಪೇರಿತ್ತು. “ಇಷ್ಟೊಂದು ಪ್ರಾಮಾಣಿಕರಾದ ನಿಮಗೆ ಒಂದು ಪ್ರಶ್ನೆ. ನೀವು ಕಚೇರಿಯ ಬೀರುವಿನಿಂದ ನೌಕರರ ಕಾರ್ಡುಗಳನ್ನೂ ತೆಗೆದು ನೋಡಿದ್ದೀರಿ, ವಿಳಾಸಗಳಿಗೂ ಹೋಗಿದ್ದೀರಿ; ಕಂಡವರಿದ್ದಾರೆ. ಈ ಮೂವತ್ತೊಂದು ಜನರೂ ನಿಯಮದಂತೆ ಊರೊಳಗೇ ವಾಸವಾಗಿದ್ದಾರೆಯೇ?”

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಯಿತು ಅವಳ ಸ್ಥಿತಿ. ‘ಗೊತ್ತಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ಯಾರೂ ಅವಳನ್ನು ಹಿಡಿದು ಕೇಳುತ್ತಿರಲಿಲ್ಲ. ಆದರೆ ಇದೊಂದು ಸುಳ್ಳು ಎಂದು ಪ್ರೆಂಟಿಸ್ ತೋರಿಸಿಕೊಟ್ಟರೆ, ಈಗ ಓದಿದ ಹನ್ನೊಂದು ಪುಟವನ್ನೂ ಮಧ್ಯಸ್ಥ ಕಸಕ್ಕೆ ಎಸೆಯಬಹುದು. ಈ ಯೋಚನೆ ಆಗ ಬಂತೋ, ಆಮೇಲೆ ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳಲು ಕಟ್ಟಿಕೊಂಡಳೋ, ಅವಳಿಗೇ ಎಂದೂ ಸ್ಪಷ್ಟವಾಗಲಿಲ್ಲ.

“ಇಲ್ಲ” ಎಂದಳು. “ಎಲ್ಲರೂ ಇಲ್ಲ.”

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಫೈರ್‌ಮನ್‌ಗಳು ಕುರ್ಚಿ ಕೆಡವಿ ಎದ್ದರು. ದಿನಸಿ ಅಂಗಡಿಯಲ್ಲಿ ಮಾಂಸದ ಪೊಟ್ಟಣ ಎತ್ತಿ ತೋರಿಸಿದ್ದ ಹೆಂಗಸು ಕಿರುಚಿದಳು. ಗದ್ದಲದ ನಡುವೆ ನೀಲಗಂಗಾ ದನಿ ಎತ್ತಿದಳು: “ಇರುವುದಕ್ಕೆ ಮನೆಯೇ ಇಲ್ಲ ಅಂತ ಈಗ ತಾನೇ ಓದಿದೆನಲ್ಲ! ಇಲ್ಲದ ಮನೆಯಲ್ಲಿ ಹೇಗೆ ಇರುತ್ತಾರೆ?” ಮಧ್ಯಸ್ಥ ಅದನ್ನು ಬರೆದುಕೊಂಡ. ಬೇರೆ ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಮ್ರೋಜ್ ಅಡ್ಡ ಬಂದ. “ಹೇಳೋದಿಲ್ಲ ಅಂತ ನೀನು ಅಂದಿದ್ದೆ.”

“ನಾನಾಗಿ ಹೇಳೋದಿಲ್ಲ ಅಂದಿದ್ದೆ. ಅವನು ಕೇಳಿದ.”

ಅವನು ಅವಳ ಚಪ್ಪಲಿಯ ಮುಂದೆ ಉಗುಳಿ ನಡೆದ.

ತೀರ್ಪು ನವೆಂಬರಿನಲ್ಲಿ ಬಂತು. ಸಂಬಳ ನೂರಕ್ಕೆ ಒಂಬತ್ತು ಏರಬೇಕು. ಊರೊಳಗೇ ಇರಬೇಕೆಂಬ ನಿಯಮ ಈ ಸಂಬಳಕ್ಕೆ ನ್ಯಾಯವಲ್ಲ, ಹದಿನೈದು ಮೈಲಿಯವರೆಗೆ ಸಡಿಲಿಸಬೇಕು. ಅದಕ್ಕೆ ಆಧಾರವಾಗಿ ಮಧ್ಯಸ್ಥ ಅವಳ ಹನ್ನೊಂದು ಪುಟಗಳನ್ನೇ ಎತ್ತಿ ಹೇಳಿದ್ದ. ಆದರೆ ತೀರ್ಪು ಬರುವ ಮೊದಲೇ ಪ್ರೆಂಟಿಸ್ ಹಳೆಯ ನಿಯಮದ ಮೇಲೆ ತನ್ನ ಕೈಚಳಕ ಮುಗಿಸಿದ್ದ. ಏಳು ಜನಕ್ಕೆ ಒಂದು ತಿಂಗಳು ಸಂಬಳವಿಲ್ಲದ ಅಮಾನತು. ಒಬ್ಬ ಕೆಲಸಕ್ಕೆ ಹೊಸಬನಾದ್ದರಿಂದ ಸೀದಾ ಮನೆಗೆ. ಮ್ರೋಜ್‌ನ ಲೆಫ್ಟಿನೆಂಟ್ ಪಟ್ಟಿ ಕಿತ್ತು, ಸಾಮಾನ್ಯ ಫೈರ್‌ಮನ್ ಮಾಡಿದರು. ಹದಿನಾಲ್ಕು ವರ್ಷದ ಸರ್ವಿಸಿಗೆ ಸಿಕ್ಕ ಪಟ್ಟಿ ಅದು. ಸಂಬಳ ಏರಿದ ದಿನ ಸ್ಟೇಷನ್ನಿನಲ್ಲಿ ಬಿಯರ್ ಹಂಚಿದರಂತೆ. ಅವಳಿಗೆ ಬಂದದ್ದು ಒಂದು ಲಕೋಟೆ. ಒಳಗೆ ಮುರಿದ ಕತ್ತರಿ ಇತ್ತು.

ಪ್ರೆಂಟಿಸ್ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಪತ್ರಿಕೆಯವರು ಬರುತ್ತಾರೆಂಬ ಭಯ. ನೆಲಮಾಳಿಗೆಗೆ ಕಳಿಸಿ ನಾಯಿ ಲೈಸೆನ್ಸ್ ಕೊಡುವ ಕಿಟಕಿಯಲ್ಲಿ ಕೂರಿಸಿದ. ಚಳಿಗಾಲ ಪೂರ್ತಿ ಅಲ್ಲಿ ಕೂತು, ಏಪ್ರಿಲ್‌ನಲ್ಲಿ ಅವಳೇ ರಾಜೀನಾಮೆ ಬರೆದಳು. ಮೇ ತಿಂಗಳಲ್ಲಿ ಗದಿಗೆಪ್ಪನ ಕಾರ್ಖಾನೆ ಇನ್ನೂರು ಜನರನ್ನು ಹೊರಗೆ ಹಾಕಿತು, ಅವನೂ ಅದರಲ್ಲಿದ್ದ. ಎಂಟು ತಿಂಗಳು ಅವನಿಗೆ ಕೆಲಸವಿರಲಿಲ್ಲ. ಒಂದು ದಿನ ತಟ್ಟೆಯ ಮುಂದೆ ಕೂತು, “ನಿನ್ನ ಖರೇ ಮಾತು ತಿಂದರ ಹೊಟ್ಟಿ ತುಂಬತೈತೇನು?” ಎಂದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನುಡಿದಳು: “ತುಂಬೂದಿಲ್ಲ. ನಾ ಯಾವಾಗರ ತುಂಬತೈತಿ ಅಂದೀನೇನು?” ಅಂದಿನಿಂದ ಬಹಳ ಕಾಲ ಆ ಮನೆಯಲ್ಲಿ ಬೇಕಾದಷ್ಟೇ ಮಾತು.

೧೯೭೬ರಲ್ಲಿ ಗದಿಗೆಪ್ಪನಿಗೆ ಡೆಟ್ರಾಯಿಟ್ ಬಳಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿ, ಇಬ್ಬರೂ ಆ ಕಡೆ ಹೋದರು. ಅವಳು ಒಂದು ಸಣ್ಣ ಕಾಲೇಜಿನಲ್ಲಿ ವಾರಕ್ಕೆರಡು ದಿನ ಸಂಖ್ಯಾಶಾಸ್ತ್ರ ಹೇಳುತ್ತಿದ್ದಳು. ಲಿಂಡನ್ ಗ್ರೋವ್ ಮುಗಿದ ಅಧ್ಯಾಯ ಎಂದುಕೊಂಡಿದ್ದಳು. ಆದರೂ ನಿಯಮ ಸಡಿಲವಾಗುವ ಮುನ್ನ ಕೆಲಸ ಕಳೆದುಕೊಂಡ ಆ ಹೊಸ ಹುಡುಗನ ವಿಚಾರ ಮಾತ್ರ ಅವಳನ್ನು ಬಿಡಲಿಲ್ಲ. ಅವನು ಎಲ್ಲೋ ಲಾರಿ ಓಡಿಸುತ್ತಿದ್ದಾನೆ ಎಂದಷ್ಟೇ ಕೇಳಿದ್ದಳು. ಒಂದು ಪತ್ರ ಬರೆಯಲು ಎರಡು ಸಲ ಕೂತಳು. ಏನೆಂದು ಬರೆಯುವುದು ತಿಳಿಯದೆ ಎದ್ದಳು.

೧೯೭೮ರ ಬೇಸಿಗೆಯಲ್ಲಿ ಡೆಟ್ರಾಯಿಟ್ ಹತ್ತಿರದ ಮಾರ್ಟನ್ ಪಾರ್ಕ್ ಎಂಬ ಉಪನಗರದ ಫೈರ್‌ಮನ್‌ಗಳ ಯೂನಿಯನ್ನಿನಿಂದ ಫೋನ್ ಬಂತು. ಅವರ ಊರಲ್ಲೂ ಅದೇ ಜಗಳ. ಸಂಬಳ ಮತ್ತು ಜೀವನ ವೆಚ್ಚದ ಲೆಕ್ಕ ಮಾಡಿಕೊಡಬೇಕು, ಹಣ ಕೊಡುತ್ತೇವೆ ಎಂದರು.

“ನನ್ನ ಹೆಸರು ನಿಮಗೆ ಹೇಳಿದವರು ಯಾರು?” ಎಂದಳು.

“ಶಿಕಾಗೊ ಕಡೆಯ ಒಬ್ಬ ಎಡ್ ಮ್ರೋಜ್. ಪತ್ರ ಬರೆದಿದ್ದಾನೆ.” ಆ ಕಡೆಯವನು ಸ್ವಲ್ಪ ತಡೆದ. “ಓದಲಾ? ಅಷ್ಟು ಚೆನ್ನಾಗಿಲ್ಲ.”

“ಓದಿ.”

“‘ಆ ಹೆಂಗಸನ್ನು ಕಂಡರೆ ನನಗೆ ಆಗದು. ಸಾಯುವವರೆಗೂ ಆಗದು. ಆದರೆ ನಿಮ್ಮ ಲೆಕ್ಕವನ್ನು ಮಧ್ಯಸ್ಥ ನಂಬಬೇಕಾದರೆ ಅವಳನ್ನೇ ಕರೆಯಿರಿ. ಬಚ್ಚಿಡುವಂಥದ್ದು ಏನಾದರೂ ಇದ್ದರೆ ಕರೆಯಬೇಡಿ.’”

ನೀಲಗಂಗಾ ಆ ಸಾಲುಗಳನ್ನು ಇನ್ನೊಮ್ಮೆ ಓದಿಸಿದಳು. ಆಮೇಲೆ ಮಾರ್ಟನ್ ಪಾರ್ಕಿನ ವಿಳಾಸ ಬರೆದುಕೊಂಡಳು. ಮ್ರೋಜ್‌ಗೆ ಒಂದು ಕಾರ್ಡು ಹಾಕಿದಳು. ಉತ್ತರ ಬರಲಿಲ್ಲ, ಅವಳು ನಿರೀಕ್ಷಿಸಿರಲೂ ಇಲ್ಲ.

ಮಾರ್ಟನ್ ಪಾರ್ಕಿನ ಸ್ಟೇಷನ್ನಿನಲ್ಲಿಯೂ ಟೇಬಲ್ಲಿನ ಸುತ್ತ ಅಂಥದೇ ಮುಖಗಳು. ಸೀರೆಯನ್ನು ಮೇಲಿನಿಂದ ಕೆಳಗೆ ನೋಡಿದ ಒಬ್ಬ, “ಇವಳು ಯಾರ ಕಡೆಯವಳು?” ಎಂದು ಪಕ್ಕದವನನ್ನು ಕೇಳಿದ. ಅವಳಿಗೆ ಕೇಳಲಿ ಎಂದೇ ಕೇಳಿದ್ದ.

“ಅದನ್ನು ಆಮೇಲೆ ನೀವೇ ಹೇಳಿ” ಎಂದಳು ನೀಲಗಂಗಾ, ಕುರ್ಚಿ ಎಳೆದುಕೊಳ್ಳುತ್ತಾ. “ಮೊದಲು ಎಲ್ಲರ ಬಾಡಿಗೆ ರಸೀದಿ ತನ್ನಿ. ನಿಮಗೆ ಅನುಕೂಲವಾಗುವವು ಮಾತ್ರ ಅಲ್ಲ, ಎಲ್ಲವೂ ಬೇಕು. ಯಾರಾದರೂ ಸುಳ್ಳು ವಿಳಾಸ ಕೊಟ್ಟಿದ್ದರೆ ಇವತ್ತೇ ಹೋಗಿ ಸರಿಪಡಿಸಿಕೊಂಡು ಬನ್ನಿ. ಯಾಕೆಂದರೆ ಅವರು ನನ್ನನ್ನು ಕೇಳುತ್ತಾರೆ, ನಾನು ಹೇಳುತ್ತೇನೆ.”

ಗೊಣಗಿಕೊಳ್ಳುತ್ತಲೇ ಇಬ್ಬರು ಎದ್ದು ಹೊರಗೆ ಹೋದರು.